ವಿದೇಶಗಳಲ್ಲಿ ಥಾಯ್ ವಲಸಿಗರ ರೆಸ್ಟೋರೆಂಟ್‌ಗಳು

ವಿದೇಶಗಳಲ್ಲಿ ಥಾಯ್ ವಲಸಿಗರ ರೆಸ್ಟೋರೆಂಟ್‌ಗಳು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕ, ಯೂರೋಪ್ ಮತ್ತು ಆಸ್ಟ್ರೇಲಿಯಗಳಲ್ಲಿ ಹುಟ್ಟಿ, 2000ದ ನಂತರ ವೇಗವಾಗಿ ಹರಡಿದ ಒಂದು ಉದ್ಯಮ. ಥಾಯ್ಲೆಂಡಿನಿಂದ ಹೊರಗೆ ಹೋಗಿ ನೆಲೆಸಿದವರ ಸಂಖ್ಯೆ ಚೀನಾ, ಭಾರತ ಅಥವಾ ಮೆಕ್ಸಿಕೊದಿಂದ ಹೊರಟವರ ಸಂಖ್ಯೆಗೆ ಹೋಲಿಸಿದರೆ ಬಹಳ ಕಡಿಮೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಥಾಯ್ ಮೂಲದವರು ಸುಮಾರು ಮೂರು ಲಕ್ಷದಷ್ಟಿದ್ದಾರೆ. ಅಲ್ಲಿರುವ ಥಾಯ್ ರೆಸ್ಟೋರೆಂಟ್‌ಗಳು ಐದು ಸಾವಿರಕ್ಕಿಂತ ಹೆಚ್ಚು. ಹಸುಗೂಸಿನಿಂದ ವೃದ್ಧರವರೆಗೆ ಎಲ್ಲರನ್ನೂ ಲೆಕ್ಕಕ್ಕೆ ಹಿಡಿದರೂ ಸರಿಸುಮಾರು ಅರವತ್ತು ಜನರಿಗೆ ಒಂದು ರೆಸ್ಟೋರೆಂಟ್ ಎಂದಾಯಿತು. ಇಷ್ಟು ಚಿಕ್ಕ ಸಮುದಾಯ ಇಷ್ಟು ದೊಡ್ಡ ಪ್ರಮಾಣದಲ್ಲಿ ಒಂದೇ ಕಸುಬಿಗೆ ಇಳಿದದ್ದೇಕೆ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ಕೇಳಿಬರುತ್ತವೆ. ಥಾಯ್ ಅಡುಗೆಯ ರುಚಿಯೇ ಅದಕ್ಕೆ ಕಾರಣ ಎಂಬುದು ಒಂದು. ಎಲ್ಲವೂ ಥಾಯ್ ಸರ್ಕಾರದ ಯೋಜನೆಯ ಫಲ ಎಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ಸರ್ಕಾರ ಕೈಹಾಕುವುದಕ್ಕೆ ಮೂರು ದಶಕಗಳ ಮೊದಲೇ ಈ ಕಥೆ ಆರಂಭವಾಗಿತ್ತು. ಅದರ ಬೇರುಗಳು ಶೀತಲ ಸಮರ, ವಲಸೆ ಕಾನೂನು ಮತ್ತು ವೀಸಾ ನಿಯಮಗಳಲ್ಲಿವೆ.

ಮೊದಲ ಅಲೆ

1960ರ ದಶಕದಲ್ಲಿ ವಿಯೆಟ್ನಾಂ ಯುದ್ಧ ತೀವ್ರಗೊಂಡಾಗ ಥಾಯ್ಲೆಂಡ್ ಅಮೆರಿಕದ ಪ್ರಮುಖ ಸೇನಾ ನೆಲೆಯಾಯಿತು. ಉಡೋನ್, ಕೋರಾಟ್, ಊ-ತಪಾವ್ ಮುಂತಾದೆಡೆ ಅಮೆರಿಕದ ವಾಯುಪಡೆಯ ನೆಲೆಗಳಿದ್ದವು. ಆ ದಶಕದ ಕೊನೆಯ ಹೊತ್ತಿಗೆ ಸುಮಾರು 50,000 ಅಮೆರಿಕನ್ ಸೈನಿಕರು ಆ ದೇಶದಲ್ಲಿದ್ದರು. ಇವರಲ್ಲದೆ ವಿಯೆಟ್ನಾಮಿನಿಂದ ವಿಶ್ರಾಂತಿಗಾಗಿ ಬರುತ್ತಿದ್ದ ಯೋಧರು, ಪೀಸ್ ಕೋರ್‌ನ ಸ್ವಯಂಸೇವಕರು, ನೆರವು ಸಂಸ್ಥೆಗಳ ಅಧಿಕಾರಿಗಳು ಮತ್ತು ಅವರ ಕುಟುಂಬದವರು ಥಾಯ್ ಊಟದ ಪರಿಚಯ ಮಾಡಿಕೊಂಡರು. ಹೀಗಾಗಿ ಅಮೆರಿಕದಲ್ಲಿ ಥಾಯ್ ರೆಸ್ಟೋರೆಂಟ್‌ಗಳು ತೆರೆಯುವ ಮೊದಲೇ ಆ ರುಚಿಯನ್ನು ಬಲ್ಲ ಒಂದು ಗಿರಾಕಿ ವರ್ಗ ಸಿದ್ಧವಾಗಿತ್ತು. ಥಾಯ್ ಅಮೆರಿಕನ್ ಇತಿಹಾಸಕಾರ ಮಾರ್ಕ್ ಪಡೂಂಗ್‌ಪಟ್ ಅವರು 2017ರಲ್ಲಿ ಪ್ರಕಟಿಸಿದ ‘ಫ್ಲೇವರ್ಸ್ ಆಫ್ ಎಂಪೈರ್’ ಎಂಬ ಗ್ರಂಥದ ಮುಖ್ಯ ವಾದವೂ ಇದೇ: ಥಾಯ್ ಅಡುಗೆ ಅಮೆರಿಕಕ್ಕೆ ಬಂದದ್ದು ಅಮೆರಿಕ ಮೊದಲು ಥಾಯ್ಲೆಂಡಿಗೆ ಹೋದುದರಿಂದ.

ಸೈನಿಕರನ್ನು ವಿವಾಹವಾಗಿ ಅಮೆರಿಕಕ್ಕೆ ಬಂದ ಥಾಯ್ ಮಹಿಳೆಯರು ಈ ವಲಸೆಯ ಒಂದು ಧಾರೆ. ದೊಡ್ಡ ನಗರಗಳಿಂದ ದೂರದಲ್ಲಿರುವ ಸೇನಾ ನೆಲೆಗಳ ಪಕ್ಕದ ಸಣ್ಣ ಊರುಗಳಲ್ಲಿ ಥಾಯ್ ರೆಸ್ಟೋರೆಂಟ್ ಕಾಣಸಿಗುವುದಕ್ಕೆ ಇದು ಬಹುಮಟ್ಟಿಗೆ ಕಾರಣ. ಇನ್ನೊಂದು ಧಾರೆ ವಿದ್ಯಾರ್ಥಿಗಳದು. 1965ರ ವಲಸೆ ಕಾನೂನು ಏಷ್ಯಾದವರ ಮೇಲಿದ್ದ ಹಳೆಯ ಮಿತಿಗಳನ್ನು ತೆಗೆದುಹಾಕಿದ ಮೇಲೆ ಬ್ಯಾಂಕಾಕಿನ ಮಧ್ಯಮ ವರ್ಗದ ಯುವಕ ಯುವತಿಯರು ಲಾಸ್ ಏಂಜಲೀಸ್ ಮುಂತಾದ ನಗರಗಳಿಗೆ ಓದಲು ಬಂದರು. ವೈದ್ಯರು ಮತ್ತು ದಾದಿಯರೂ ಬಂದರು. ಓದು ಮುಗಿಸಿ ಮರಳುವ ಉದ್ದೇಶದಿಂದ ಬಂದ ಎಷ್ಟೋ ಮಂದಿ ಅಲ್ಲಿಯೇ ಉಳಿದರು. 1973 ಮತ್ತು 1976ರ ಅಕ್ಟೋಬರ್ ತಿಂಗಳುಗಳಲ್ಲಿ ಬ್ಯಾಂಕಾಕಿನಲ್ಲಿ ವಿದ್ಯಾರ್ಥಿಗಳ ಮೇಲೆ ನಡೆದ ಹಿಂಸಾಚಾರವು ತಾಯ್ನಾಡಿನ ಭವಿಷ್ಯದ ಬಗ್ಗೆ ಭರವಸೆ ಮೂಡಿಸುವಂತಿರಲಿಲ್ಲ.

ಇವರಲ್ಲಿ ಹೆಚ್ಚಿನವರು ಅಡುಗೆಯವರಲ್ಲ ಎಂಬುದನ್ನು ಗಮನಿಸಬೇಕು. ತಾಯ್ನಾಡಿನಲ್ಲಿ ಮನೆಯ ಒಲೆಯ ಹತ್ತಿರ ಹೋಗದವರೂ ಇದ್ದರು. ಓದಿನ ಖರ್ಚಿಗಾಗಿ ಪಾತ್ರೆ ತೊಳೆಯುವ ಅಥವಾ ಊಟ ಬಡಿಸುವ ಕೆಲಸಕ್ಕೆ ಸೇರಿ, ಅಲ್ಲಿಂದ ಅಡುಗೆ ಕೋಣೆಗೆ ಬಡ್ತಿ ಪಡೆದು, ಕೆಲವು ವರ್ಷಗಳ ನಂತರ ಸ್ನೇಹಿತರೊಡನೆ ಪಾಲುದಾರಿಕೆಯಲ್ಲಿ ಸ್ವಂತ ಜಾಗ ಹಿಡಿಯುವುದು ಸಾಮಾನ್ಯ ಕ್ರಮವಾಯಿತು. ಉಡುಪಿ ಹೋಟೆಲುಗಳ ಇತಿಹಾಸ ಬಲ್ಲ ಕನ್ನಡಿಗರಿಗೆ ಈ ಏಣಿಯ ಮೆಟ್ಟಿಲುಗಳು ಅಪರಿಚಿತವೆನಿಸಲಾರವು. ವ್ಯತ್ಯಾಸವಿರುವುದು ಓದಿನಲ್ಲಿ. ಪದವಿ ಪಡೆದವರು ಆ ಪದವಿಗೆ ತಕ್ಕ ಉದ್ಯೋಗ ದೊರೆಯದೆ, ಇಂಗ್ಲಿಷ್ ಉಚ್ಚಾರಣೆ, ಪರವಾನಗಿ ಅಥವಾ ವರ್ಣಭೇದದ ತಡೆ ಎದುರಾದಾಗ ಒಲೆಯತ್ತ ತಿರುಗಿದ ನಿದರ್ಶನಗಳು ಥಾಯ್ ವಲಸೆಯಲ್ಲಿ ಹೇರಳವಾಗಿವೆ.

ದಿನಸಿ ಅಂಗಡಿ ಮತ್ತು ದೇವಾಲಯ

ರೆಸ್ಟೋರೆಂಟ್‌ಗಿಂತ ಮೊದಲು ಬೇಕಾದದ್ದು ದಿನಸಿ. ಮೀನಿನ ಸಾರ (ನಾಮ್ ಪ್ಲಾ), ಶುಂಠಿಯ ಜಾತಿಗೆ ಸೇರಿದ ಗಲಾಂಗಲ್, ಮಜ್ಜಿಗೆ ಹುಲ್ಲು, ಮಕ್ರೂಟ್ ನಿಂಬೆಯ ಎಲೆ, ತೆಂಗಿನ ಹಾಲು ಇವಿಲ್ಲದೆ ಥಾಯ್ ಅಡುಗೆ ಸಾಗದು. 1960ರ ದಶಕದ ಲಾಸ್ ಏಂಜಲೀಸಿನಲ್ಲಿ ಇವುಗಳಲ್ಲಿ ಹೆಚ್ಚಿನವು ದೊರೆಯುತ್ತಿರಲಿಲ್ಲ. ಜನರು ಚೀನೀ ಅಂಗಡಿಗಳಲ್ಲಿ ಸಿಕ್ಕಿದ್ದನ್ನು ತಂದು ಹೊಂದಿಸಿಕೊಳ್ಳುತ್ತಿದ್ದರು. 1970ರ ದಶಕದ ಆರಂಭದಲ್ಲಿ ಪ್ರಮೋಟ್ ತಿಲಕಮೊನ್ಕುಲ್ ಎಂಬುವರು ಈಸ್ಟ್ ಹಾಲಿವುಡ್‌ನಲ್ಲಿ ‘ಬ್ಯಾಂಕಾಕ್ ಮಾರ್ಕೆಟ್’ ಎಂಬ ದಿನಸಿ ಅಂಗಡಿ ತೆರೆದರು. ಅಮೆರಿಕದ ಮೊದಲ ಥಾಯ್ ದಿನಸಿ ಅಂಗಡಿ ಎಂದು ಇದನ್ನು ಗುರುತಿಸಲಾಗುತ್ತದೆ. ಅಲ್ಲಿಂದ ಮುಂದೆ ಆಸುಪಾಸಿನ ಬೀದಿಗಳಲ್ಲಿ ಥಾಯ್ ರೆಸ್ಟೋರೆಂಟ್‌ಗಳು ಹೆಚ್ಚತೊಡಗಿದವು. ಈ ಕುಟುಂಬದ ಮಗ ಜೆಟ್ ತಿಲಾ ಮುಂದೆ ದೂರದರ್ಶನದ ಮೂಲಕ ಪ್ರಸಿದ್ಧ ಬಾಣಸಿಗರಾದರು. ಬ್ಯಾಂಕಾಕ್ ಮಾರ್ಕೆಟ್ 2019ರಲ್ಲಿ ಬಾಗಿಲು ಮುಚ್ಚಿತು.

ಮಕ್ರೂಟ್ ಎಲೆಯದೇ ಬೇರೆ ಸಮಸ್ಯೆ. ನಿಂಬೆ ಜಾತಿಯ ಗಿಡಗಳ ರೋಗ ಹರಡದಂತೆ ಅಮೆರಿಕದ ಕೃಷಿ ಇಲಾಖೆ ಅದರ ಆಮದಿಗೆ ಕಠಿಣ ನಿರ್ಬಂಧ ಹಾಕಿತ್ತು. ಥಾಯ್ ಸಾರುಗಳಿಗೆ ಪರಿಮಳ ಕೊಡುವ ಈ ಎಲೆ ದೇಶದ ಒಳಗೇ ಬೆಳೆದು ಮಾರುಕಟ್ಟೆಗೆ ಬರುವವರೆಗೆ ಹಲವು ರೆಸ್ಟೋರೆಂಟ್‌ಗಳು ನಿಂಬೆ ಸಿಪ್ಪೆಯಿಂದ ಕೆಲಸ ಸಾಗಿಸಿದವು. ಡಬ್ಬಿಯಲ್ಲಿ ಬರುವ ತೆಂಗಿನ ಹಾಲು ಮತ್ತು ಸಿದ್ಧ ಮಸಾಲೆ ಮುದ್ದೆಗಳು ಥಾಯ್ಲೆಂಡಿನಿಂದ ಸುಲಭವಾಗಿ ಬರತೊಡಗಿದುದು ಈ ಉದ್ಯಮದ ದೊಡ್ಡ ತಿರುವು. ಮಸಾಲೆಯನ್ನು ಕುಟ್ಟಿ ಅರೆಯಬಲ್ಲ ನುರಿತ ಅಡುಗೆಯವರು ಇಲ್ಲದೆಯೂ ಹಸಿರು ಸಾರು, ಕೆಂಪು ಸಾರುಗಳನ್ನು ಒಂದೇ ಹದದಲ್ಲಿ ತಯಾರಿಸುವುದು ಇದರಿಂದ ಸಾಧ್ಯವಾಯಿತು. ಅಡುಗೆ ತಿಳಿಯದ ಪದವೀಧರರು ಧೈರ್ಯವಾಗಿ ರೆಸ್ಟೋರೆಂಟ್ ತೆರೆದುದರ ಗುಟ್ಟು ಸ್ವಲ್ಪಮಟ್ಟಿಗೆ ಈ ಡಬ್ಬಿಗಳಲ್ಲಿ ಅಡಗಿದೆ.

ಬೌದ್ಧ ದೇವಾಲಯಗಳು ಇನ್ನೊಂದು ಬಗೆಯ ತರಬೇತಿ ಶಾಲೆಯಾದವು. ಲಾಸ್ ಏಂಜಲೀಸಿನ ‘ವಾಟ್ ಥಾಯ್’ ಮತ್ತು ಬರ್ಕ್ಲಿಯ ‘ವಾಟ್ ಮೊಂಗ್‌ಕೊಲ್‌ರತನಾರಾಂ’ ದೇವಾಲಯಗಳ ಅಂಗಳದಲ್ಲಿ ವಾರಾಂತ್ಯಗಳಲ್ಲಿ ಊಟ ತಿಂಡಿಗಳ ಮಾರಾಟ ನಡೆಯುತ್ತಿತ್ತು. ಆದಾಯ ದೇವಾಲಯಕ್ಕೆ ಸೇರುತ್ತಿತ್ತು. ಅನುಭವ ಮತ್ತು ಗಿರಾಕಿಗಳ ಪರಿಚಯ ಅಡುಗೆ ಮಾಡಿದವರಿಗೆ ದೊರೆಯುತ್ತಿತ್ತು. 2000ದ ದಶಕದ ಉತ್ತರಾರ್ಧದಲ್ಲಿ ಎರಡೂ ಕಡೆ ನೆರೆಹೊರೆಯ ಕೆಲವರು ಜನಸಂದಣಿ, ವಾಹನ ನಿಲುಗಡೆ ಮತ್ತು ವಾಸನೆಯ ಬಗ್ಗೆ ದೂರಿದರು. ವಿವಾದ ನಗರಾಡಳಿತದವರೆಗೆ ಹೋಯಿತು. ಅದೇ ಊಟವನ್ನು ರೆಸ್ಟೋರೆಂಟ್‌ನಲ್ಲಿ ಹಣ ಕೊಟ್ಟು ತಿನ್ನಲು ತಕರಾರಿಲ್ಲದ ಸಮಾಜಕ್ಕೆ, ಅದನ್ನು ತಯಾರಿಸುವವರು ತಮ್ಮ ಬೀದಿಯಲ್ಲಿ ಸೇರಿದಾಗ ಮಾತ್ರ ತಕರಾರು ಹುಟ್ಟಿತು ಎಂಬ ವಿಮರ್ಶೆ ಆಗ ಕೇಳಿಬಂತು.

ಬಂಡವಾಳ ಮತ್ತು ವೀಸಾ

ಹೊಸದಾಗಿ ಬಂದವರಿಗೆ ಬ್ಯಾಂಕುಗಳು ಸಾಲ ಕೊಡುವುದು ಅಪರೂಪ. ಥಾಯ್ ಸಮುದಾಯಗಳಲ್ಲಿ ಈ ಕೊರತೆಯನ್ನು ತುಂಬಿದ್ದು ಕುಟುಂಬದ ಉಳಿತಾಯ ಮತ್ತು ‘ಷೇರ್’ ಎಂದು ಕರೆಯಲಾಗುವ ಕೂಟ. ಪರಿಚಿತರು ಗುಂಪು ಸೇರಿ ಪ್ರತಿ ತಿಂಗಳೂ ನಿಗದಿತ ಮೊತ್ತ ಹಾಕಿ, ಒಟ್ಟಾದ ಹಣವನ್ನು ಸರದಿಯಂತೆ ಒಬ್ಬೊಬ್ಬರು ಎತ್ತಿಕೊಳ್ಳುವ ವ್ಯವಸ್ಥೆ ಇದು. ನಮ್ಮಲ್ಲಿನ ಚೀಟಿ ವ್ಯವಹಾರಕ್ಕೂ ಇದಕ್ಕೂ ಹೆಚ್ಚಿನ ಭೇದವಿಲ್ಲ. ನಂಬಿಕೆ ಕೆಟ್ಟರೆ ಹಣ ಮುಳುಗುವ ಅಪಾಯವೂ ಎರಡಕ್ಕೂ ಸಮಾನ.

ಬಂಡವಾಳಕ್ಕಿಂತ ನಿರ್ಣಾಯಕವಾದದ್ದು ವೀಸಾ. ಅಮೆರಿಕ ಮತ್ತು ಥಾಯ್ಲೆಂಡ್ 1966ರಲ್ಲಿ ಸ್ನೇಹ ಮತ್ತು ಆರ್ಥಿಕ ಸಂಬಂಧಗಳ ಒಪ್ಪಂದಕ್ಕೆ ಸಹಿ ಹಾಕಿದವು. ಅದು 1968ರಲ್ಲಿ ಜಾರಿಗೆ ಬಂತು. ಇದರಿಂದಾಗಿ ಥಾಯ್ ಪ್ರಜೆಗಳಿಗೆ ‘ಇ-2’ ಎಂಬ ಹೂಡಿಕೆದಾರರ ವೀಸಾ ಪಡೆಯುವ ಅರ್ಹತೆ ದೊರೆಯಿತು. ಗಣನೀಯ ಮೊತ್ತ ಹೂಡಿ ಅಮೆರಿಕದಲ್ಲಿ ಒಂದು ವ್ಯವಹಾರವನ್ನು ಖರೀದಿಸಿದರೆ ಅಥವಾ ಆರಂಭಿಸಿದರೆ, ಅದನ್ನು ನಡೆಸಲು ಅಲ್ಲಿ ಇರಬಹುದು. ವ್ಯವಹಾರ ನಡೆಯುತ್ತಿರುವವರೆಗೆ ವೀಸಾ ನವೀಕರಿಸಬಹುದು. ವಿಶೇಷ ಕೌಶಲವುಳ್ಳ ಅದೇ ದೇಶದ ನೌಕರರನ್ನು, ಉದಾಹರಣೆಗೆ ಮುಖ್ಯ ಬಾಣಸಿಗರನ್ನು, ಇದೇ ವರ್ಗದಲ್ಲಿ ಕರೆಸಿಕೊಳ್ಳಲೂ ಅವಕಾಶವಿದೆ. ಭಾರತದೊಡನೆ ಅಮೆರಿಕಕ್ಕೆ ಇಂಥ ಒಪ್ಪಂದವಿಲ್ಲದ ಕಾರಣ ಭಾರತೀಯ ಪ್ರಜೆಗಳಿಗೆ ಈ ವೀಸಾ ಸಿಗುವುದಿಲ್ಲ. ಒಂದು ಸಮುದಾಯ ತಂತ್ರಾಂಶ ಕಂಪನಿಗಳತ್ತಲೂ ಇನ್ನೊಂದು ಸಮುದಾಯ ಅಡುಗೆ ಕೋಣೆಯತ್ತಲೂ ಸಾಗುವುದರಲ್ಲಿ ಇಂಥ ಕಾನೂನಿನ ಅಂಶಗಳ ಪಾಲು ಎಷ್ಟಿದೆ ಎಂಬುದನ್ನು ‘ಜನಾಂಗದ ಸ್ವಭಾವ’ದ ಮಾತಾಡುವವರು ಗಮನಿಸುವುದಿಲ್ಲ.

ಇದಕ್ಕೆ ಹಿಂದಿನ ನಿದರ್ಶನವೂ ಇದೆ. ಚೀನೀಯರ ವಲಸೆ ನಿಷೇಧವಾಗಿದ್ದ ಕಾಲದಲ್ಲಿ, 1915ರ ನ್ಯಾಯಾಲಯದ ತೀರ್ಪೊಂದು ರೆಸ್ಟೋರೆಂಟ್ ಮಾಲೀಕರನ್ನು ವ್ಯಾಪಾರಿಗಳ ವರ್ಗಕ್ಕೆ ಸೇರಿಸಿತು. ವ್ಯಾಪಾರಿಗಳಿಗೆ ನಿಷೇಧದಿಂದ ವಿನಾಯಿತಿ ಇದ್ದುದರಿಂದ ಅಮೆರಿಕದಲ್ಲಿ ಚೀನೀ ರೆಸ್ಟೋರೆಂಟ್‌ಗಳ ಸಂಖ್ಯೆ ಒಮ್ಮೆಲೇ ಏರಿತು.

ಇ-2 ವೀಸಾದ ಇನ್ನೊಂದು ಮುಖ ಕಷ್ಟಕರವಾದದ್ದು. ಅದು ಖಾಯಂ ನಿವಾಸಕ್ಕೆ ನೇರ ದಾರಿಯಲ್ಲ. ವ್ಯವಹಾರ ಮುಚ್ಚಿದರೆ ವಾಸದ ಹಕ್ಕೂ ಮುಗಿಯುತ್ತದೆ. ಮಗುವಾಗಿದ್ದಾಗ ತಂದೆತಾಯಿಯೊಡನೆ ಬಂದು ಅಲ್ಲಿಯೇ ಬೆಳೆದ ಮಕ್ಕಳು 21 ವರ್ಷ ತುಂಬಿದೊಡನೆ ಆ ವೀಸಾದ ಆಶ್ರಯ ಕಳೆದುಕೊಂಡು, ಬೇರೆ ವೀಸಾ ಹುಡುಕಬೇಕು ಇಲ್ಲವೇ ತಮಗೆ ಸರಿಯಾಗಿ ಪರಿಚಯವಿಲ್ಲದ ದೇಶಕ್ಕೆ ಮರಳಬೇಕು. ಲಾಭವಿಲ್ಲದ ರೆಸ್ಟೋರೆಂಟನ್ನೂ ಕೆಲವರು ವರ್ಷಗಟ್ಟಲೆ ನಡೆಸಿಕೊಂಡು ಹೋಗುವುದರ ಹಿಂದೆ ಈ ಒತ್ತಡವಿರಬಹುದು.

ಸರ್ಕಾರದ ಪ್ರವೇಶ

1997ರಲ್ಲಿ ಬ್ಯಾಂಕಾಕಿನಲ್ಲಿ ಆರಂಭವಾದ ಏಷ್ಯಾದ ಆರ್ಥಿಕ ಬಿಕ್ಕಟ್ಟಿನ ನಂತರ ಥಾಯ್ಲೆಂಡ್ ರಫ್ತು ಮತ್ತು ಪ್ರವಾಸೋದ್ಯಮವನ್ನು ಬಲಪಡಿಸುವ ಹೊಸ ದಾರಿಗಳನ್ನು ಅರಸತೊಡಗಿತು. 2001ರಲ್ಲಿ ಅಧಿಕಾರಕ್ಕೆ ಬಂದ ತಕ್ಸಿನ್ ಶಿನಾವತ್ರ ಅವರ ಸರ್ಕಾರ ವಿದೇಶಗಳಲ್ಲಿ ಥಾಯ್ ರೆಸ್ಟೋರೆಂಟ್‌ಗಳನ್ನು ಹೆಚ್ಚಿಸುವ ಯೋಜನೆ ಪ್ರಕಟಿಸಿತು. ಮೊದಲು ಅದರ ಸ್ವರೂಪ ಒಂದು ಕಂಪನಿಯಾಗಿತ್ತು: ಜಗತ್ತಿನಾದ್ಯಂತ 3,000 ರೆಸ್ಟೋರೆಂಟ್‌ಗಳನ್ನು ತೆರೆಯುವ ‘ಗ್ಲೋಬಲ್ ಥಾಯ್ ರೆಸ್ಟೋರೆಂಟ್ ಕಂಪನಿ’. ಸಾಮಾನ್ಯ ಗಿರಾಕಿಗಳಿಗೆ ‘ಎಲಿಫೆಂಟ್ ಜಂಪ್’, ಮಧ್ಯಮ ದರ್ಜೆಗೆ ‘ಕೂಲ್ ಬೇಸಿಲ್’, ಶ್ರೀಮಂತರಿಗೆ ‘ಗೋಲ್ಡನ್ ಲೀಫ್’ ಎಂದು ಮೂರು ಮಾದರಿಗಳನ್ನು ರೂಪಿಸಲಾಗಿತ್ತು. ಮ್ಯಾಕ್‌ಡೊನಾಲ್ಡ್ಸ್ ಮಾದರಿಯ ಈ ಸರಪಳಿ ಕಲ್ಪಿಸಿದಂತೆ ಬೆಳೆಯಲಿಲ್ಲ. ಸರ್ಕಾರ ತಾನೇ ಹೋಟೆಲು ನಡೆಸುವುದನ್ನು ಬಿಟ್ಟು, ನಡೆಸುವವರಿಗೆ ನೆರವಾಗುವ ಕಡೆಗೆ ತಿರುಗಿತು. ಯೋಜನೆ ಉಳಿದದ್ದೂ ಫಲ ಕೊಟ್ಟದ್ದೂ ಈ ಎರಡನೆಯ ರೂಪದಲ್ಲಿಯೇ.

ನೆರವು ಹಲವು ಬಗೆಯದಾಗಿತ್ತು. ಥಾಯ್ಲೆಂಡಿನ ರಫ್ತು-ಆಮದು ಬ್ಯಾಂಕ್ ಮತ್ತು ಸಣ್ಣ ಉದ್ದಿಮೆಗಳ ಬ್ಯಾಂಕುಗಳು ವಿದೇಶದಲ್ಲಿ ರೆಸ್ಟೋರೆಂಟ್ ತೆರೆಯುವವರಿಗೆ ಸಾಲದ ಸೌಲಭ್ಯ ಒದಗಿಸಿದವು. ಬಾಣಸಿಗರಿಗೆ ತರಬೇತಿ ಏರ್ಪಡಿಸಲಾಯಿತು. ವಾಣಿಜ್ಯ ಸಚಿವಾಲಯವು ಅರ್ಹ ರೆಸ್ಟೋರೆಂಟ್‌ಗಳಿಗೆ ‘ಥಾಯ್ ಸೆಲೆಕ್ಟ್’ ಎಂಬ ಮುದ್ರೆ ಕೊಡತೊಡಗಿತು. ವ್ಯಾಪಾರ ಒಪ್ಪಂದಗಳಲ್ಲಿಯೂ ಬಾಣಸಿಗರು ಸ್ಥಾನ ಪಡೆದರು. 2005ರಲ್ಲಿ ಜಾರಿಗೆ ಬಂದ ನ್ಯೂಜಿಲೆಂಡ್ ಒಪ್ಪಂದದ ಫಲವಾಗಿ ಥಾಯ್ ಬಾಣಸಿಗರಿಗೆಂದೇ ವಿಶೇಷ ಕೆಲಸದ ವೀಸಾ ಸೃಷ್ಟಿಯಾಯಿತು. 2007ರ ಜಪಾನ್ ಒಪ್ಪಂದವು ಅಲ್ಲಿಗೆ ಹೋಗುವ ಥಾಯ್ ಬಾಣಸಿಗರಿಗೆ ಬೇಕಾಗಿದ್ದ ಅನುಭವವನ್ನು ಹತ್ತು ವರ್ಷಗಳಿಂದ ಐದಕ್ಕೆ ಇಳಿಸಿತು. ಅಕ್ಕಿ, ಮೀನಿನ ಸಾರ ಮತ್ತು ತೆಂಗಿನ ಹಾಲಿನ ರಫ್ತು ಹೆಚ್ಚಿಸುವುದು ಹಾಗೂ ಊಟ ಮಾಡಿದವರನ್ನು ಪ್ರವಾಸಿಗರನ್ನಾಗಿ ಮಾಡುವುದು ಸರ್ಕಾರದ ಲೆಕ್ಕಾಚಾರ. ಬ್ರಿಟನ್ನಿನ ‘ದಿ ಎಕನಾಮಿಸ್ಟ್’ ಪತ್ರಿಕೆ 2002ರಲ್ಲಿ ಇದನ್ನು ಆಹಾರದ ರಾಜತಾಂತ್ರಿಕತೆ ಎಂಬರ್ಥದ ಹೆಸರಿನಿಂದ ಕರೆಯಿತು. ಮುಂದೆ ದಕ್ಷಿಣ ಕೊರಿಯ, ಪೆರು, ಮಲೇಷ್ಯಾ ಮುಂತಾದ ದೇಶಗಳೂ ಇದೇ ದಾರಿ ಹಿಡಿದವು.

ಯೋಜನೆಯ ಆರಂಭದಲ್ಲಿ ಜಗತ್ತಿನಲ್ಲಿ ಸುಮಾರು 5,500ರಷ್ಟಿದ್ದ ಥಾಯ್ ರೆಸ್ಟೋರೆಂಟ್‌ಗಳ ಸಂಖ್ಯೆ 2018ರ ಹೊತ್ತಿಗೆ 15,000ವನ್ನು ದಾಟಿತ್ತು. ಈ ಏರಿಕೆಯನ್ನೆಲ್ಲ ಸರ್ಕಾರದ ಖಾತೆಗೆ ಬರೆಯುವ ಲೇಖನಗಳು ಅಂತರಜಾಲದಲ್ಲಿ ಬಹಳಷ್ಟಿವೆ. ಆದರೆ ಮೊದಲ ಐದು ಸಾವಿರ ರೆಸ್ಟೋರೆಂಟ್‌ಗಳು ಯಾವ ಯೋಜನೆಯೂ ಇಲ್ಲದೆ ಎದ್ದುನಿಂತಿದ್ದವು ಎಂಬುದನ್ನು ಅವು ಮರೆಯುತ್ತವೆ. ಸರ್ಕಾರ ನೀರೆರೆದದ್ದು ಅದಾಗಲೇ ಬೆಳೆದಿದ್ದ ಗಿಡಕ್ಕೆ.

ಯೂರೋಪ್ ಮತ್ತು ಆಸ್ಟ್ರೇಲಿಯ

ಜರ್ಮನಿ ಮತ್ತು ಸ್ವೀಡನ್‌ಗಳಲ್ಲಿರುವ ಥಾಯ್ ವಲಸಿಗರಲ್ಲಿ ಬಹುಪಾಲು ಮಹಿಳೆಯರು; ಅವರಲ್ಲಿ ಹೆಚ್ಚಿನವರು ವಿವಾಹದ ಮೂಲಕ ಬಂದವರು ಮತ್ತು ಹಲವರು ಈಶಾನ್ಯ ಥಾಯ್ಲೆಂಡಿನ ಇಸಾನ್ ಪ್ರದೇಶದವರು. ಭಾಷೆ ತಿಳಿಯದ ದೇಶದಲ್ಲಿ ಸ್ವಂತ ಆದಾಯ ಗಳಿಸಿ ತವರಿಗೆ ಹಣ ಕಳುಹಿಸಲು ಅವರಿಗೆ ಅಡುಗೆಯೇ ಹತ್ತಿರದ ದಾರಿಯಾಯಿತು. ಬರ್ಲಿನ್ ನಗರದ ಪ್ರಾಯ್ಸನ್‌ಪಾರ್ಕ್ ಇದಕ್ಕೆ ಪ್ರಸಿದ್ಧ ಉದಾಹರಣೆ. 1990ರ ದಶಕದಲ್ಲಿ ಥಾಯ್ ಮಹಿಳೆಯರು ಮನೆಯವರೊಡನೆ ಆ ಉದ್ಯಾನದಲ್ಲಿ ಚಾಪೆ ಹಾಸಿ ಊಟ ಮಾಡುತ್ತಿದ್ದರು; ದಾರಿಹೋಕರು ಕೇಳತೊಡಗಿದಾಗ ಮಾರಾಟ ಆರಂಭವಾಯಿತು. ಪರವಾನಗಿಯಿಲ್ಲದ ಈ ಸಂತೆ ‘ಥಾಯ್ ಪಾರ್ಕ್’ ಎಂಬ ಹೆಸರಿನಿಂದ ಪ್ರವಾಸಿ ತಾಣವೇ ಆಯಿತು. ಅದನ್ನು ನಿಯಮದ ಚೌಕಟ್ಟಿಗೆ ತರಲು ಸ್ಥಳೀಯ ಆಡಳಿತ ಹಲವು ವರ್ಷ ಹೆಣಗಬೇಕಾಯಿತು. ಬೆಲ್ಜಿಯಂನಲ್ಲಿ 1980ರಲ್ಲಿ ನೂರೊರ್ ಸೊಮಾನಿ ಮತ್ತು ಅವರ ಪತಿ ಕಾರ್ಲ್ ಸ್ಟೆಪ್ಪೆ ಬ್ರಸೆಲ್ಸಿನಲ್ಲಿ ತೆರೆದ ‘ಬ್ಲೂ ಎಲಿಫೆಂಟ್’ ಇದರ ಇನ್ನೊಂದು ತುದಿ: ಅದು ಐಷಾರಾಮಿ ಸರಪಳಿಯಾಗಿ ಬೆಳೆದು ಬ್ಯಾಂಕಾಕಿಗೂ ಮರಳಿತು. ಬ್ರಿಟನ್ನಿನಲ್ಲಿ ಹಳೆಯ ಪಬ್‌ಗಳ ಹಿಂಭಾಗದ ಅಡುಗೆ ಕೋಣೆಯನ್ನು ಥಾಯ್ ಕುಟುಂಬಗಳು ವಹಿಸಿಕೊಳ್ಳುವ ಪದ್ಧತಿ ಬೆಳೆಯಿತು.

ಸಿಡ್ನಿಯಲ್ಲಿ ಆಮಿ ಚಂತಾ ಅವರು 1989ರಲ್ಲಿ ಆರಂಭಿಸಿದ ‘ಚಾಟ್ ಥಾಯ್’ ಹೆಸರುವಾಸಿಯಾಯಿತು. ಹೇಮಾರ್ಕೆಟ್ ಬಡಾವಣೆಯ ಕ್ಯಾಂಪ್‌ಬೆಲ್ ಬೀದಿಯ ಸುತ್ತಮುತ್ತ ಇಂದು ಥಾಯ್ ಟೌನ್ ಎಂದು ಹೆಸರಾಗಿದೆ. ಅಲ್ಲಿನ ಅಡುಗೆ ಕೋಣೆಗಳಿಗೆ ದುಡಿಮೆಯ ಮುಖ್ಯ ಮೂಲ ವಿದ್ಯಾರ್ಥಿ ವೀಸಾದಲ್ಲಿ ಬಂದ ಯುವಜನರು.

ದುಡಿಮೆಯ ಬೆಲೆ

ಥಾಯ್ ಊಟ ಅಗ್ಗವಾಗಿರಬೇಕು ಎಂಬ ನಿರೀಕ್ಷೆ ಗಿರಾಕಿಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಇಟಾಲಿಯನ್ ಪಾಸ್ತಾಗೆ ಕೊಡುವ ಬೆಲೆಯನ್ನು ಪಡ್ ಥಾಯ್‌ಗೆ ಕೊಡಲು ಅವರು ಹಿಂಜರಿಯುತ್ತಾರೆ. ಈ ಅಂತರವನ್ನು ತುಂಬುವುದು ಮಾಲೀಕರ ಕುಟುಂಬದ ಸಂಬಳವಿಲ್ಲದ ದುಡಿಮೆ: ಶಾಲೆಯಿಂದ ಬಂದ ಮಕ್ಕಳು ಗಲ್ಲಾಪೆಟ್ಟಿಗೆಯ ಬಳಿ ಮನೆಪಾಠ ಬರೆಯುತ್ತಾ ಫೋನ್ ಎತ್ತುವುದು, ಅಜ್ಜಿ ಹಿಂದಿನ ಕೋಣೆಯಲ್ಲಿ ತರಕಾರಿ ಹೆಚ್ಚುವುದು. ಕುಟುಂಬದ ಹೊರಗಿನ ನೌಕರರ ಸ್ಥಿತಿ ಇನ್ನೂ ನಾಜೂಕು. ವೀಸಾ ಮಾಲೀಕರ ಕೈಯಲ್ಲಿರುವಾಗ ಕಡಿಮೆ ಸಂಬಳದ ಬಗ್ಗೆ ದೂರು ಕೊಡುವುದೆಂದರೆ ವಾಪಸು ಹೋಗಲು ಸಿದ್ಧರಾಗುವುದು. ಶೋಷಣೆ ಮಾಡುವವರೂ ಒಳಗಾಗುವವರೂ ಒಂದೇ ಊರಿನ, ಒಂದೇ ಭಾಷೆಯ ಜನರಾಗಿರುವುದರಿಂದ ಇಂಥ ಪ್ರಕರಣಗಳು ಹೊರಬರುವುದು ಕಡಿಮೆ.

1995ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್ ಸಮೀಪದ ಎಲ್ ಮೊಂಟೆಯ ಬಟ್ಟೆ ಹೊಲಿಯುವ ಗುಪ್ತ ಕಾರ್ಖಾನೆಯೊಂದರಲ್ಲಿ ಜೀತದಲ್ಲಿದ್ದ 72 ಥಾಯ್ ಕಾರ್ಮಿಕರನ್ನು ಬಿಡುಗಡೆ ಮಾಡಲಾಯಿತು. ಅದು ರೆಸ್ಟೋರೆಂಟ್ ಅಲ್ಲ; ಆದರೂ ಇಲ್ಲಿ ಉಲ್ಲೇಖಾರ್ಹ. ನಗುಮೊಗದಿಂದ ಊಟ ಬಡಿಸುವವರು ಎಂಬ ಚಿತ್ರದ ಆಚೆಗೆ ಥಾಯ್ ವಲಸಿಗರಿದ್ದಾರೆ ಎಂಬುದು ಅಮೆರಿಕಕ್ಕೆ ಮನವರಿಕೆಯಾದದ್ದು ಆಗ. ಆ ಕಾರ್ಮಿಕರ ಪರವಾಗಿ ನಿಂತ ಥಾಯ್ ಸಮುದಾಯ ಅಭಿವೃದ್ಧಿ ಕೇಂದ್ರವು (ಸ್ಥಾಪನೆ 1994) ಈಸ್ಟ್ ಹಾಲಿವುಡ್‌ನ ಒಂದು ಭಾಗಕ್ಕೆ ಅಧಿಕೃತ ಮಾನ್ಯತೆ ಕೊಡಿಸಲು ಶ್ರಮಿಸಿತು. 1999ರಲ್ಲಿ ಅದು ‘ಥಾಯ್ ಟೌನ್’ ಎಂದು ಘೋಷಣೆಯಾಯಿತು; ಅಮೆರಿಕದಲ್ಲಿ ಇಂಥ ಮಾನ್ಯತೆ ಪಡೆದ ಮೊದಲ ಥಾಯ್ ಬಡಾವಣೆ ಅದು.

ಯಾವುದು ಥಾಯ್, ಯಾರು ಥಾಯ್

ವಿದೇಶದ ಮೆನುಗಳಲ್ಲಿ ಮೊದಲಿಗೆ ಕಾಣುವ ಪಡ್ ಥಾಯ್ ಪ್ರಾಚೀನ ತಿನಿಸಲ್ಲ. ಅದು 1930-40ರ ದಶಕಗಳಲ್ಲಿ ಪ್ರಧಾನಿ ಪ್ಲೇಕ್ ಫಿಬುನ್‌ಸೊಂಗ್‌ಕ್ರಾಮ್ ಅವರ ರಾಷ್ಟ್ರೀಯತೆಯ ನೀತಿಯ ನೆರಳಿನಲ್ಲಿ ಜನಪ್ರಿಯವಾದದ್ದು. ವಿದೇಶೀ ಗಿರಾಕಿಗಳಿಗಾಗಿ ಸಿಹಿ ಹೆಚ್ಚಿಸಿ, ಖಾರ ಮತ್ತು ಮೀನಿನ ವಾಸನೆ ತಗ್ಗಿಸಿದ ಒಂದು ಸಮಾನ ಮೆನು ಎಲ್ಲೆಡೆ ಹರಡಿತು. ಇದಕ್ಕೆ ಅಪವಾದಗಳೂ ಮೂಡಿದವು. ಚಿಯಾಂಗ್ ಮಾಯ್ ಮೂಲದ ಸಾಯ್‌ಪಿನ್ ಚುತಿಮಾ ಅವರು 1999ರಿಂದ ಲಾಸ್ ವೇಗಾಸಿನಲ್ಲಿ ನಡೆಸುತ್ತಿರುವ ‘ಲೋಟಸ್ ಆಫ್ ಸಿಯಾಮ್’ ಉತ್ತರ ಥಾಯ್ಲೆಂಡಿನ ಅಡುಗೆಯನ್ನು ತಗ್ಗಿಸದೆ ಬಡಿಸಿ ಹೆಸರಾಯಿತು; ಅವರಿಗೆ 2011ರಲ್ಲಿ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಬಂತು. ಇನ್ನೊಂದೆಡೆ, ಥಾಯ್ ಅಡುಗೆಗೆ ಮೊದಲ ಮಿಶೆಲಿನ್ ತಾರೆ ತಂದುಕೊಟ್ಟದ್ದು ಆಸ್ಟ್ರೇಲಿಯದ ಡೇವಿಡ್ ಥಾಂಪ್ಸನ್ ಅವರು ಲಂಡನ್ನಿನಲ್ಲಿ 2001ರಲ್ಲಿ ತೆರೆದ ‘ನಾಮ್’. ಥಾಯ್ ವಲಸಿಗರು ಅಗ್ಗದ ಊಟ ಮಾರುತ್ತಿರುವಾಗ ಗೌರವ ಮತ್ತು ಬೆಲೆ ಬಿಳಿಯ ಬಾಣಸಿಗರಿಗೆ ಬೇಗ ದೊರೆಯುತ್ತದೆ ಎಂಬ ಅಸಮಾಧಾನ ಇಂದಿಗೂ ಇದೆ. ಥಾಂಪ್ಸನ್ ಅವರ ಅಧ್ಯಯನದ ಆಳವನ್ನು ಒಪ್ಪುವವರೂ ಈ ಮಾತನ್ನು ಅಲ್ಲಗಳೆಯುವುದಿಲ್ಲ.

‘ಥಾಯ್’ ಫಲಕದ ಹಿಂದೆ ಇರುವವರು ಯಾವಾಗಲೂ ಥಾಯ್ ಪ್ರಜೆಗಳಲ್ಲ. 1975ರ ನಂತರ ನಿರಾಶ್ರಿತರಾಗಿ ಅಮೆರಿಕಕ್ಕೆ ಬಂದ ಲಾವೊ ಕುಟುಂಬಗಳು ತಮ್ಮ ದೇಶದ ಹೆಸರು ಗಿರಾಕಿಗಳಿಗೆ ಗೊತ್ತಿಲ್ಲವೆಂದು ಥಾಯ್ ಹೆಸರಿನಲ್ಲಿಯೇ ರೆಸ್ಟೋರೆಂಟ್ ತೆರೆದವು. ಹಸಿ ಪರಂಗಿಕಾಯಿಯ ಕೋಸಂಬರಿ, ಅಂಟು ಅನ್ನ, ಲಾಪ್ ಮುಂತಾದವು ಲಾವೊಸ್ ಮತ್ತು ಇಸಾನ್ ಎರಡಕ್ಕೂ ಸೇರಿದ ಊಟವಾದುದರಿಂದ ಇದು ಕಷ್ಟವಾಗಲಿಲ್ಲ. ಇತ್ತೀಚೆಗೆ ಎರಡನೆಯ ತಲೆಮಾರಿನವರು ಫಲಕದ ಮೇಲೆ ‘ಲಾವೊ’ ಎಂದೇ ಬರೆಯಲು ಆರಂಭಿಸಿದ್ದಾರೆ.

ಇತ್ತೀಚಿನ ಬೆಳವಣಿಗೆಗಳು

2020ರ ಕೋವಿಡ್ ಸಾಂಕ್ರಾಮಿಕವು ಈ ರೆಸ್ಟೋರೆಂಟ್‌ಗಳಿಗೆ ಎರಡು ಪೆಟ್ಟು ಕೊಟ್ಟಿತು: ವ್ಯಾಪಾರ ನಿಂತಿತು, ಜೊತೆಗೆ ಏಷ್ಯಾ ಮೂಲದವರ ಮೇಲಿನ ದ್ವೇಷ ಹೆಚ್ಚಿತು. ಹಳೆಯ ಅಪಪ್ರಚಾರಗಳು ಇನ್ನೂ ಜೀವಂತವಾಗಿವೆ. 2025ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೋ ನಗರದ ಒಂದು ಥಾಯ್ ರೆಸ್ಟೋರೆಂಟ್, ನಾಯಿಯ ಮಾಂಸ ಬಳಸುತ್ತದೆಂಬ ಆಧಾರರಹಿತ ವದಂತಿ ಸಾಮಾಜಿಕ ಜಾಲತಾಣಗಳಲ್ಲಿ ಹರಡಿದ ಮೇಲೆ ಬೆದರಿಕೆಗಳಿಂದಾಗಿ ಮುಚ್ಚಬೇಕಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕ ಥಾಯ್ ಸರಕುಗಳ ಮೇಲೆ ಶೇ 19ರಷ್ಟು ಸುಂಕ ವಿಧಿಸಿತು. ಮಲ್ಲಿಗೆ ಅಕ್ಕಿ, ತೆಂಗಿನ ಹಾಲು, ಮೀನಿನ ಸಾರಗಳನ್ನು ಆಮದಿನಿಂದಲೇ ಪಡೆಯಬೇಕಾದ ರೆಸ್ಟೋರೆಂಟ್‌ಗಳಿಗೆ ಅಗ್ಗದ ಊಟದ ನಿರೀಕ್ಷೆ ಮತ್ತು ಏರುವ ವೆಚ್ಚಗಳ ನಡುವಿನ ಅಂತರ ಇದರಿಂದ ಇನ್ನಷ್ಟು ಕಿರಿದಾಗಿದೆ. ಮೊದಲ ತಲೆಮಾರಿನ ಮಾಲೀಕರಿಗೆ ಈಗ ವಯಸ್ಸಾಗಿದೆ. ಗಲ್ಲಾಪೆಟ್ಟಿಗೆಯ ಬಳಿ ಮನೆಪಾಠ ಬರೆದು ಬೆಳೆದ ಮಕ್ಕಳಲ್ಲಿ ಅನೇಕರು ಬೇರೆ ಉದ್ಯೋಗಗಳಿಗೆ ಹೋಗಿದ್ದಾರೆ. ಮಕ್ಕಳು ಹಾಗೆ ಹೋಗಲೆಂದೇ ಅಂಗಡಿ ನಡೆಸಿದೆವು ಎನ್ನುವ ತಂದೆತಾಯಿಯರೂ ಇದ್ದಾರೆ. ಮರಳಿ ಬಂದ ಕೆಲವರು ಮಾತ್ರ ಅದೇ ಒಲೆಯ ಮೇಲೆ ಅಜ್ಜಿಯ ಊರಿನ ಅಡುಗೆ ಮಾಡುತ್ತಾ, ಅದಕ್ಕೆ ಪಾಸ್ತಾದ ಬೆಲೆಯನ್ನೇ ಕೇಳುತ್ತಿದ್ದಾರೆ.